ನೂರಕ್ಕೊಂದು ಚಿಪ್

ಭಾನುವಿಗೆ ಮದುವೆ ವಿಡಿಯೋಗಳ ಮಿಕ್ಸಿಂಗ್ ಕಲಿಸಿದವನು ಕಿರಣ್ ಕುಮಾರ್. ಅವನ ತಾಯಿ ಮತ್ತು ಭಾನುವಿನ ತಾಯಿ ಚಿಕ್ಕನಿಂಗಮ್ಮ ಉಮ್ಮತ್ತೂರಿನ ಒಂದೇ ಬೀದಿಯವರು, ಒಬ್ಬರದೇ ಹೊಲದಲ್ಲಿ ಜೊತೆಗೆ ಕಳೆ ಕಿತ್ತವರು. ಕಿರಣ್ ಚಾಮರಾಜನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ಬೀದಿಯವರಿಗೆಲ್ಲ ಮಕ್ಕಳಿಗೆ ಬುದ್ಧಿ ಹೇಳಲು ಅವನದೊಂದು ಹೆಸರು ಸಿಕ್ಕಿತು. ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದ ಮಗಳನ್ನು ಚಿಕ್ಕನಿಂಗಮ್ಮ ಒಂದು ಬೆಳಿಗ್ಗೆ ಬಸ್ಸು ಹತ್ತಿಸಿಕೊಂಡು ಹೋಗಿ ಆ ಅಂಗಡಿಯ ಮುಂದೆ ನಿಲ್ಲಿಸಿದಳು.

“ಇವ್ಳಿಗೂ ಏನಾರ ಒಂದ್ ದಾರಿ ತೋರ್ಸಪ್ಪ.”

ಕಿರಣ್ ತೋರಿಸಿದ. ಸುಳ್ಳೇಕೆ, ಚೆನ್ನಾಗಿಯೇ ತೋರಿಸಿದ. ಕಂಪ್ಯೂಟರ್ ಬಿಚ್ಚುವುದು, ಜೋಡಿಸುವುದು, ಮದುವೆಯ ವಿಡಿಯೋ ತುಂಡುಗಳನ್ನು ಕತ್ತರಿಸಿ ಹಾಡು ಸೇರಿಸಿ ಬೆಸೆಯುವುದು, ಎಲ್ಲವನ್ನೂ ಕಲಿಸಿದ. ಮದುವೆಯಾಗಿ ಭಾನು ಗುಂಡ್ಲುಪೇಟೆಗೆ ಬಂದಾಗ ಅವಳ ಕೈಯಲ್ಲಿ ಒಂದು ಕಸುಬಿತ್ತು. ಗಂಡ ಶಿವಸ್ವಾಮಿಗೆ ಹತ್ತಿರದ ಮದ್ದೂರು ಅರಣ್ಯ ವಲಯದಲ್ಲಿ ಕಾಡು ಕಾಯುವ ಗುತ್ತಿಗೆ ಕೆಲಸ. ಅವನು ಕ್ಯಾಂಪಿಗೆ ಹೋದರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಬಾಡಿಗೆ ಮನೆಯ ಒಳಕೋಣೆಯಲ್ಲಿ ಭಾನು ಕಂಪ್ಯೂಟರ್ ಇಟ್ಟುಕೊಂಡು, ಹೆದ್ದಾರಿ ಪಕ್ಕದ ಸ್ಟುಡಿಯೋದ ಸೋಮಶೇಖರ್‌ಗೆ ಮದುವೆಗಳನ್ನು ಮಿಕ್ಸಿಂಗ್ ಮಾಡಿಕೊಡತೊಡಗಿದಳು.

ಕಂಪ್ಯೂಟರಿನ ಬಿಡಿಭಾಗಗಳನ್ನು ಲಾಕ್‌ಡೌನಿಗೆ ಮುಂಚಿನ ಚಳಿಗಾಲದಲ್ಲಿ ಕಿರಣನ ಮೂಲಕವೇ ತರಿಸಿದ್ದಳು. ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್, ತೀರ ಅಗ್ಗದ್ದು. ಒಂದು ಮದುವೆಯನ್ನು ರೆಂಡರ್ ಮಾಡಿ, ಅಂದರೆ ತುಂಡುಗಳನ್ನೆಲ್ಲ ಒಂದೇ ಚಿತ್ರವಾಗಿ ಹೊರತೆಗೆದು ಮುಗಿಸಲು, ಅದಕ್ಕೆ ಇಡೀ ಹಗಲು ಬೇಕಾಗುತ್ತಿತ್ತು. ಲಗ್ನದ ತಿಂಗಳುಗಳಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಕಿರಣನೇ ದಾರಿ ಹೇಳಿದ.

“ಕಂಪನಿಯೋರು ಯಾವ್ ಚಿಪ್ಪನ್ನೂ ಅದ್ರ ಪೂರ್ತಿ ಶಕ್ತಿಗೆ ಓಡ್ಸಲ್ಲ ಕಣಮ್ಮಿ. ಸ್ವಲ್ಪ ತಡ್ದು ಇಟ್ಟಿರ್ತಾರೆ. ನಾವು ಮೆಲ್ಲಗೆ ಏರುಸ್ಕಂಡ್ ಓಗ್ಬೇಕು. ಎಲ್ಲಿ ಕುಸಿತದೋ ಅಲ್ಲಿಂದ ಒಂದ್ ಮೆಟ್ಲು ಕೆಳಕ್ಕಿಳ್ದು ನಿಂತ್ಕಬೇಕು. ಇದ್ನೇ ಓವರ್‌ಕ್ಲಾಕ್ ಅನ್ನದು.”

ಭಾನು ಆತುರಗಾತಿಯಲ್ಲ. ವೇಗವನ್ನು ಒಂದಿಷ್ಟೇ ಏರಿಸುವಳು, ಚಿಪ್ಪಿಗೆ ಬೆವರಿಳಿಸುವ ಪರೀಕ್ಷೆಯ ಪ್ರೋಗ್ರಾಂ ಹಚ್ಚುವಳು, ಅಡುಗೆಮನೆಯಿಂದ ನಡುನಡುವೆ ಬಂದು ಬಿಸಿ ಎಷ್ಟಿದೆಯೆಂದು ನೋಡುವಳು. ಕುಸಿಯದಿದ್ದರೆ ಇನ್ನೊಂದಿಷ್ಟು ಏರಿಸುವಳು. ಮೂರು ಪಾಯಿಂಟ್ ಆರು ಗಿಗಾಹರ್ಟ್ಸ್ ವೇಗದಲ್ಲಿ ಓಡುವ ಚಿಪ್ ಅದು. ಅಂಥವು ಮೂರು ಪಾಯಿಂಟ್ ಒಂಬತ್ತಕ್ಕೆ ಬರುವಷ್ಟರಲ್ಲಿ ಹೆಚ್ಚು ಕರೆಂಟು ಬೇಡುತ್ತವೆ, ಕಾಯುತ್ತವೆ, ಏದುಸಿರು ಬಿಡುತ್ತವೆ. ಭಾನುವಿನದು ನಾಲ್ಕು ದಾಟಿ ನಾಲ್ಕು ಪಾಯಿಂಟ್ ಒಂದಕ್ಕೆ ಹೋಗಿ, ಹೆಚ್ಚು ಕರೆಂಟು ಕೇಳದೆ, ಬೆಚ್ಚಗೂ ಆಗದೆ ನಿಂತಿತು. ಫೋನಿನಲ್ಲಿ ಹೇಳಿದರೆ ಕಿರಣ್ ನಂಬಲಿಲ್ಲ. ಮುಂದಿನ ಭಾನುವಾರ ಬಂದು ಕುರ್ಚಿ ಎಳೆದುಕೊಂಡು ಕೂತು, ತಾನೇ ಪರೀಕ್ಷೆ ಹಚ್ಚಿ, ಎರಡು ಲೋಟ ಟೀ ಕುಡಿಯುವವರೆಗೂ ಪರದೆಯನ್ನೇ ನೋಡಿದ.

“ನೂರಕ್ಕೊಂದು ಬತ್ತವೆ ಇಂತವು,” ಎಂದ ಕೊನೆಗೆ. “ನಂಗೆ ಇಷ್ಟ್ ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ಪುಣ್ಯ ಮಾಡೀಯ.”

ಆ ಮಾತನ್ನು ಅವಳು ಹಾರೈಕೆಯೆಂದುಕೊಂಡಳು.

ಲಾಕ್‌ಡೌನಿನ ತಿಂಗಳುಗಳನ್ನು ಬಿಟ್ಟರೆ, ಮುಂದಿನ ಎರಡು ವರ್ಷ ಭಾನುವಿನ ಬದುಕಿನಲ್ಲಿ ಅವಳೇ ನೆನೆಸಿಕೊಳ್ಳಲು ಇಷ್ಟಪಡುವ ವರ್ಷಗಳು. ಬೆಳಿಗ್ಗೆ ಹಾರ್ಡ್‌ಡಿಸ್ಕ್ ಬಂದರೆ ಮರುದಿನ ಸಂಜೆಗೆ ಮದುವೆ ಪೆನ್‌ಡ್ರೈವಿನಲ್ಲಿ. ಗಡಿಯಾಚೆ ಬತ್ತೇರಿಯ ಕಡೆಯ ಮಲಯಾಳಿಗಳ ಮದುವೆಗಳೂ ಅವಳ ಕೈಗೇ ಬಂದವು. ಸೋಮಶೇಖರ್ ಗಿರಾಕಿಗಳ ಮುಂದೆ “ನಮ್ ಭಾನು ಅವ್ಳೆ, ತಲೆ ಕೆಡುಸ್ಕಬೇಡಿ” ಎನ್ನುತ್ತಿದ್ದ.

ಒಂದು ಮುಂಗಾರಿನ ಸಿಡಿಲಿಗೆ ಅವಳ ಕಂಪ್ಯೂಟರಿನ ಬೋರ್ಡ್ ಹೋಯಿತು. ಅದೇ ವಾರ ಚಿಕ್ಕನಿಂಗಮ್ಮನ ಕಣ್ಣಿನ ಆಪರೇಷನ್. ಭಾನು ಡಬ್ಬಿಯನ್ನು ಹಾಗೆಯೇ ಕಿರಣನ ಅಂಗಡಿಯಲ್ಲಿಟ್ಟು ಊರಿಗೆ ಹೋದಳು. ವಾಪಸು ಬರುವಾಗ ಹೊಸ ಬೋರ್ಡ್ ಕೂತಿತ್ತು. ಬೋರ್ಡಿನ ದುಡ್ಡು ತೆಗೆದುಕೊಂಡ ಕಿರಣ್ ಕೂಲಿಯನ್ನು ಮುಟ್ಟಲಿಲ್ಲ.

“ನಿನ್ತಾವ ಕೂಲಿ ಈಸ್ಕಂಡ್ರೆ ನಮ್ಮವ್ವ ಮನೆಗ್ ಸೇರ್ಸಲ್ಲ,” ಎಂದು ನಕ್ಕ. “ನಿನ್ ಸ್ಪೀಡೂ ಅಂಗೇ ಆಕಿವ್ನಿ. ಚಿಪ್ ಮ್ಯಾಲಿರ ಫ್ಯಾನು, ಆ ಕೂಲರ್ ಮಾತ್ರ ತೆಗೀಬೇಡ, ಚಿಪ್ಪೂ ಅಂಟ್ಕಂಡ್ ಬಂದು ಪಿನ್ ಬಗ್ಗೋದವು.”

ಮನೆಗೆ ಬಂದ ಮೇಲಿನ ಮೊದಲ ರೆಂಡರೇ ಅರ್ಧದಲ್ಲಿ ನಿಂತಿತು. ಪರದೆ ನೀಲಿಯಾಗಿ, ಯಂತ್ರ ತಾನೇ ಆಫ್ ಆಗಿ ಆನ್ ಆಯಿತು. ಭಾನು ಮೊದಲು ಬೈದದ್ದು ಕರೆಂಟನ್ನು. ಯುಪಿಎಸ್ ಬದಲಿಸಿದಳು. ಪವರ್ ಸಪ್ಲೈ ಡಬ್ಬಿಯನ್ನು ಬೇರೆಯವರಿಂದ ಎರವಲು ತಂದು ನೋಡಿದಳು. ಮೆಮೊರಿಯ ಎರಡು ಪಟ್ಟಿಗಳಲ್ಲಿ ಒಂದನ್ನು ತೆಗೆದು, ಮತ್ತೆ ಅದನ್ನು ಹಾಕಿ ಇನ್ನೊಂದನ್ನು ತೆಗೆದು ನೋಡಿದಳು. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದಳು. ಏನು ಮಾಡಿದರೂ ಅಷ್ಟೇ: ಸುಮ್ಮನಿದ್ದರೆ ಇರುತ್ತದೆ, ಕೆಲಸ ಕೊಟ್ಟರೆ ಬೀಳುತ್ತದೆ. ಕಂಪನಿ ಇಟ್ಟ ವೇಗಕ್ಕೆ ಇಳಿಸಿದಾಗ ಮಾತ್ರ ಬೀಳಲಿಲ್ಲ. ಅಲ್ಲಿಂದ ಮತ್ತೆ ಮೆಲ್ಲಗೆ ಏರಿಸಿದಳು. ಮೂರು ಪಾಯಿಂಟ್ ಒಂಬತ್ತಕ್ಕೇ ಕುಸಿಯಿತು.

ಫೋನ್ ಮಾಡಿದರೆ ಕಿರಣ್ ನಿಟ್ಟುಸಿರುಬಿಟ್ಟ.

“ಎಷ್ಟ್ ದಿನಾಂತ ಓಡ್ತದಮ್ಮಿ? ಎರಡ್ ವರ್ಷ ಇಂಡಿಬುಟ್ಟೆ ಅದ್ನ. ಚಿಪ್ಪೂ ಸವೀತದೆ. ನೀನೇ ಸಾಯಿಸ್ಕಂಡೆ.”

ಭಾನು ಆ ಮಾತನ್ನು ನಂಬಿದಳು. ಹಾಗೆ ಆಗುವುದುಂಟು ಎಂದು ಅವಳೂ ಓದಿದ್ದಳು. ಎಷ್ಟು ಮದುವೆಗಳನ್ನು ಒಂದರ ಹಿಂದೊಂದು ಹಚ್ಚಿದೆ, ಬೇಸಿಗೆಯಲ್ಲಿ ಫ್ಯಾನು ಸಹ ತಿರುಗಿಸಿಡದೆ ಎಷ್ಟು ಸಲ ಓಡಿಸಿದೆ ಎಂದು ನೆನೆಸಿಕೊಂಡು ನೊಂದಳು. ಕೈಗೆ ಬಂದ ಒಳ್ಳೆಯದನ್ನು ಉಳಿಸಿಕೊಳ್ಳುವ ಯೋಗ್ಯತೆ ತನಗಿಲ್ಲ ಎಂಬ ಮಾತು, ಚಿಕ್ಕಂದಿನಿಂದ ಬೇರೆಯವರ ಬಾಯಲ್ಲಿ ಕೇಳಿದ್ದು, ಈಗ ತನ್ನದೇ ದನಿಯಲ್ಲಿ ಕೇಳಿಸತೊಡಗಿತು.

ಆ ನಡುವೆ ತೆರಕಣಾಂಬಿಯ ಒಂದು ಮದುವೆ ಕೆಟ್ಟಿತು. ಹೇಗೋ ಬೀಳದೆ ಮುಗಿದ ರೆಂಡರನ್ನು ಅವಳು ಪೂರ್ತಿ ನೋಡದೆ ಕೊಟ್ಟಿದ್ದಳು. ನೆಂಟರೆಲ್ಲ ಟಿವಿ ಮುಂದೆ ಸೇರಿ ನೋಡುವಾಗ, ಧಾರೆ ಎರೆಯುವ ಹೊತ್ತಿಗೆ, ಗಂಡು ಹೆಣ್ಣಿನ ಮುಖದ ಮೇಲೆ ಹಸಿರು ಪಟ್ಟೆಗಳು ಬಂದು ಚಿತ್ರ ಚೂರುಚೂರಾಯಿತು. ಮೂಲ ಚಿತ್ರಕ್ಕೇನೂ ಆಗಿರಲಿಲ್ಲ, ಮತ್ತೆ ಮಾಡಿಕೊಟ್ಟಳು. ಆದರೆ ಹೆಸರು ಹೋಗಿತ್ತು. ಸೋಮಶೇಖರ್ ಕೂಗಾಡುವವನಲ್ಲ. “ಮಾನ ಕಳ್ದೆ ಕಣಮ್ಮ,” ಎಂದಷ್ಟೇ ಹೇಳಿ ಉಳಿದ ಹಾರ್ಡ್‌ಡಿಸ್ಕ್‌ಗಳನ್ನು ತೆಗೆದುಕೊಂಡು ಹೋದ. ದೀಪಾವಳಿಯ ಹೊತ್ತಿಗೆ ಅವನು ಸ್ಟುಡಿಯೋದಲ್ಲೇ ಒಂದು ಮಿಷಿನ್ ಹಾಕಿಸಿದ ಸುದ್ದಿ ಬಂತು.

ಕೆಲಸವಿಲ್ಲದ ಒಂದು ಮಧ್ಯಾಹ್ನ ಭಾನು, ಸತ್ತದ್ದೇ ಆದರೆ ಇನ್ನು ಪಿನ್ ಬಗ್ಗಿದರೇನು ಎಂದು, ಕೂಲರ್ ಬಿಚ್ಚಿದಳು. ಚಿಪ್ಪಿನ ಬೆನ್ನಿಗೆ ಹಚ್ಚಿದ್ದ ಬೂದು ಬಣ್ಣದ ಪೇಸ್ಟನ್ನು ಹಳೆಯ ಸೀರೆಯ ತುಂಡಿನಿಂದ ಒರೆಸಿದಳು. ಮೊದಲ ಸಲ ಕೂಲರ್ ಕೂರಿಸುವಾಗ ಸ್ಕ್ರೂಡ್ರೈವರ್ ಜಾರಿ ಚಿಪ್ಪಿನ ಮೂಲೆಯಲ್ಲಿ ಒಂದು ಗೀರು ಬಿದ್ದಿತ್ತು. ಅವತ್ತು ಅದಕ್ಕಾಗಿ ಅತ್ತಿದ್ದಳು. ಆ ಗೀರು ಇಲ್ಲಿರಲಿಲ್ಲ. ಒರೆಸಿದ್ದು ಸಾಲದೇನೋ ಎಂದು ಇನ್ನಷ್ಟು ಒರೆಸಿದಳು. ಬೆನ್ನ ಮೇಲೆ ಕೆತ್ತಿದ ಅಂಕಿಗಳು ಕಂಡವು. ಚಿಪ್ ತಯಾರಾದ ವರ್ಷ ಮತ್ತು ವಾರವನ್ನು ಅವು ಹೇಳುತ್ತವೆ. ಓದುವುದನ್ನು ಕಲಿಸಿದವನೂ ಕಿರಣನೇ. ಈ ಚಿಪ್ ಹುಟ್ಟಿದ್ದು ಲಾಕ್‌ಡೌನ್ ಶುರುವಾಗಿ ತಿಂಗಳುಗಳಾದ ಮೇಲೆ. ಅವಳು ತನ್ನದನ್ನು ಕೊಂಡದ್ದು ಅದಕ್ಕೂ ಮುಂಚೆ.

ಭಾನು ಚಿಪ್ಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ಚಾಮರಾಜನಗರದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಗಿರಾಕಿ ಇದ್ದರು. ಅವರು ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಗಂಟು ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟಳು.

“ಇದು ನಂದಲ್ಲ ಅಣ್ಣ.”

ಕಿರಣ್ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಮತ್ಯಾರ್ದು?”

“ಅದ್ನ ನೀನೇ ಏಳ್ಬೇಕು.”

“ಅದೇ ಮಾಡೆಲ್ಲು, ಅದೇ ನಂಬ್ರು. ರಿಪೇರಿ ಮಾಡೋವಾಗ ಅದಲ್ ಬದಲ್ ಆಗಿರ್ಬೋದು. ಎಲ್ಲಾ ಒಂದೇ ಕಣಮ್ಮಿ, ಕೆಲ್ಸ ಮಾಡ್ತದಲ್ಲ.”

“ಎಲ್ಲಾ ಒಂದೇ ಅಲ್ಲ ಅಂತ ಏಳ್ಕೊಟ್ಟೋನು ನೀನು. ಇದ್ರ ಮೇಲಿರ ತಾರೀಕು ಓದಕ್ ಏಳ್ಕೊಟ್ಟೋನೂ ನೀನೇ.”

ಕಿರಣ್ ಹೊರಗೆ ರಸ್ತೆಯತ್ತ ನೋಡಿದ. ಮುಖದಲ್ಲಿ ನಾಚಿಕೆ ಕಂಡಿದ್ದರೆ ಭಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೇನೋ. ಕಂಡದ್ದು ಬೇಸರ, ಸಾಲುಗಟ್ಟಿದ ಕೆಲಸದ ನಡುವೆ ಒಂದು ತರಲೆ ಬಂತಲ್ಲ ಎಂಬ ಬೇಸರ.

“ಸರಿ, ಯಾರ್ತಾವ ಓಗಿ ಏಳೀಯ?” ಎಂದ ಮೆಲ್ಲಗೆ. “ಪೊಲೀಸ್ ಟೇಸನ್ನಲ್ಲಿ ಚಿಪ್ ಕದ್ದೋದದೆ ಅಂದ್ರೆ ಮೊಬೈಲ್ ಸಿಮ್ಮಾ ಅಂತಾರೆ. ನಿಂಗೆ ಅನ್ನದ್ ದಾರಿ ತೋರ್ಸಿದೋನು ನಾನು. ನಂಗೂ ಬದುಕ್ಬೇಕಲ್ವ? ನೀನ್ ಅದ್ರಲ್ಲಿ ಏನ್ ಮಾಡ್ತಿದ್ದೆ, ಮದ್ವೆ ಮಿಕ್ಸಿಂಗು.”

ಭಾನು ಚಿಪ್ಪನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಮನೆಯ ಬಸ್ಸು ಬಿಟ್ಟು ಉಮ್ಮತ್ತೂರಿಗೆ ಹೋಗಿ ತಾಯಿಗೆ ಹೇಳಿದಳು. ಆಪರೇಷನ್ನಾದಾಗ ಕೊಟ್ಟ ಕಪ್ಪು ಕನ್ನಡಕವನ್ನು ಇನ್ನೂ ಬಿಡದೆ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ ಚಿಕ್ಕನಿಂಗಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

“ನಮ್ ಕಿರಣ ಅಂತ ಐಕ ಅಲ್ಲ ಕನ. ಕೂಲಿನೂ ಈಸ್ಕಂಡಿಲ್ಲ ನಿನ್ತಾವ. ನೀನೇ ಏನೋ ತಪ್ ತಿಳ್ಕಂಡೀಯ, ಸುಮ್ಕಿರು. ನಮ್ಮೋರ್ ಮ್ಯಾಲೆ ನಾವೇ ಮಾತಾಡ್ಬಾರ್ದು.”

ಎರಡು ತಿಂಗಳು ಕಳೆದು ಸೋಮಶೇಖರ್ ಹೇಳಿಕಳಿಸಿದ. ಹೊಸ ಮಿಷಿನ್ನಿನ ಮುಂದೆ ಕೂರಿಸಿದ್ದವನು ಮೈಸೂರಿಗೆ ಹೋಗಿದ್ದ. “ಸ್ಟುಡಿಯೋಕೇ ಬಂದು ಮಾಡು, ತಿಂಗ್ಳಿಗಿಷ್ಟು ಅಂತ ಕೊಡ್ತೀನಿ,” ಎಂದ. ಮನೆಯಲ್ಲಿ ತನ್ನದೇ ಕಸುಬು ನಡೆಸಿದ್ದವಳು ಸಂಬಳಕ್ಕೆ ಕೂರುವುದೆಂದರೆ ಒಂದು ಮೆಟ್ಟಿಲು ಇಳಿದಂತೆಯೇ. ಆದರೆ ಶಿವಸ್ವಾಮಿಯ ಗುತ್ತಿಗೆ ಸಂಬಳ ಆಗಲೂ ತಡವಾಗಿತ್ತು. ಭಾನು ಹೋದಳು.

ಮೊದಲ ದಿನವೇ ರೆಂಡರ್ ಹಚ್ಚಿ ಪರದೆಯ ಮೂಲೆಯಲ್ಲಿನ ಅಂಕಿ ನೋಡಿದಳು. ನಾಲ್ಕು ಪಾಯಿಂಟ್ ಒಂದು. ಬಿಸಿ ಇಲ್ಲ, ಹೆಚ್ಚಿನ ಕರೆಂಟು ಇಲ್ಲ. ಮಿಷಿನ್ ಜೋಡಿಸಿಕೊಟ್ಟವರು ಯಾರೆಂದು ಕೇಳಿದಳು.

“ನಿಮ್ ಕಿರಣ್ ಕುಮಾರೇ. ಕಮ್ಮಿ ಬೆಲೆಲಿ ಇಂತಾ ಸ್ಪೀಡು ಯಾರೂ ಕೊಡಲ್ಲ ಅಂತ ಗ್ಯಾರಂಟಿ ಕೊಟ್ಟು ಮಾಡ್ದ,” ಎಂದ ಸೋಮಶೇಖರ್ ಹೆಮ್ಮೆಯಿಂದ. ಅವನಿಗೆ ಬೇರೇನೂ ಗೊತ್ತಿರಲಿಲ್ಲ.

ದೂಳು ತೆಗೆಯುವ ನೆಪದಲ್ಲಿ ಅವಳು ಅದನ್ನು ಬಿಚ್ಚಿದಳು. ಪೇಸ್ಟ್ ಒರೆಸುತ್ತಿದ್ದಂತೆ ಮೂಲೆಯ ಗೀರು ಕಂಡಿತು. ಬೆರಳಿನಿಂದ ಒಮ್ಮೆ ಸವರಿ, ಹೊಸ ಪೇಸ್ಟ್ ಹಚ್ಚಿ ಮತ್ತೆ ಅಲ್ಲೇ ಕೂರಿಸಿದಳು. ಮನೆಯಲ್ಲಿದ್ದ ಆ ಇನ್ನೊಂದನ್ನು ತಂದು ಬದಲಿಸಲು ಎಷ್ಟು ಹೊತ್ತು ಬೇಕು? ಕ್ಯಾಂಪಿನಿಂದ ಬಂದಿದ್ದ ಶಿವಸ್ವಾಮಿಯೂ ಅದನ್ನೇ ಹೇಳಿದ.

“ಕಿತ್ಕಂಡ್ ಬಾ. ನಿಂದೇ ತಾನೇ.”

“ಅವ್ರು ದುಡ್ ಕೊಟ್ಟು ತಕಂಡವ್ರೆ.”

“ನಿನ್ ದುಡ್ ನಿಂಗ್ಯಾರ್ ಕೊಟ್ರು?”

ಭಾನುವಿನ ಮನಸ್ಸು ಅತ್ತಿತ್ತ ಹೊಯ್ದಾಡುತ್ತಿದ್ದ ದಿನಗಳಲ್ಲೇ ಸ್ಟುಡಿಯೋದಲ್ಲಿ ಒಂದು ಮೆಮೊರಿ ಕಾರ್ಡ್ ಕಾಣೆಯಾಯಿತು. ಕೆಲಸಕ್ಕಿದ್ದವರು ನಾಲ್ಕು ಜನ. ಸೋಮಶೇಖರ್ ಅವಳೊಬ್ಬಳ ಹತ್ತಿರ ಬಂದು, ದನಿ ತಗ್ಗಿಸಿ, “ಬೇಜಾರ್ ಮಾಡ್ಕಬೇಡ ಭಾನು, ಒಂದ್ಸಲ ನಿನ್ ಬ್ಯಾಗ್ ನೋಡ್ಬುಡು,” ಎಂದ. ಅವಳು ಎಲ್ಲರ ಎದುರಿಗೆ ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಊಟದ ಡಬ್ಬಿ, ಬಾಚಣಿಗೆ, ಬಸ್ಸಿನ ಚೀಟಿ. ಕಾರ್ಡು ಕ್ಯಾಮೆರಾದೊಳಗೇ ಇತ್ತು. ಸಿಕ್ಕಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಮನೆಯಲ್ಲಿದ್ದ ಚಿಪ್ಪನ್ನು ಭಾನು ಮತ್ತೆ ಹೊರತೆಗೆಯಲಿಲ್ಲ.

ಮಾಘದ ಲಗ್ನಗಳು ಶುರುವಾದಾಗ ಕಿರಣ್ ಸರ್ವಿಸ್‌ಗೆಂದು ಸ್ಟುಡಿಯೋಕ್ಕೆ ಬಂದ. ಸೋಮಶೇಖರ್ ಅವನ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆತಂದ.

“ಇವನ ಕೈಲಿ ಏನೋ ಅದೆ ಕಣಮ್ಮ. ಇಡೀ ಗುಂಡ್ಲುಪೇಟೆಲಿ ಇಂತಾ ಮಿಷಿನ್ ಇಲ್ಲ. ಏನ್ ಕಿರಣ, ಇನ್ನೊಂಚೂರ್ ಏರ್ಸಕ್ ಆಯ್ತದ? ಈ ಸಲ ಮದ್ವೆ ಜಾಸ್ತಿ ಅವೆ.”

ಕಿರಣ್ ಭಾನುವಿನ ಮುಖ ನೋಡದೆ ನಕ್ಕ. “ಭಾನುನೇ ಕೇಳಿ ಸಾರ್. ಕೂತಿರೋಳು ಅವ್ಳು.”

ಇನ್ನೂ ಒಂದು ಮೆಟ್ಟಿಲು ಅದರೊಳಗಿತ್ತು. ಮನೆಯಲ್ಲಿದ್ದಾಗ ಒಂದು ದಿನ ಅವಳು ನಾಲ್ಕು ಪಾಯಿಂಟ್ ಎರಡಕ್ಕೆ ಏರಿಸಿ ಸಂಜೆಯವರೆಗೆ ಓಡಿಸಿ ನೋಡಿದ್ದಳು. ಅದು ಬಿದ್ದಿರಲಿಲ್ಲ. ಅದರ ಮೇಲಿನ ಪ್ರೀತಿಗೆ ತಾನೇ ಕೆಳಗಿಳಿಸಿಟ್ಟಿದ್ದಳು. ಆ ವಿಷಯ ಕಿರಣನಿಗೂ ಹೇಳಿರಲಿಲ್ಲ.

“ಇಲ್ಲ ಸಾರ್,” ಎಂದಳು ಭಾನು. “ಇದ್ರ ಕೈಲಿ ಆಗೋದು ಇಷ್ಟೇ.”

ಸೋಮಶೇಖರ್ ತಲೆಯಾಡಿಸಿ ಕಿರಣನನ್ನು ಟೀ ಕುಡಿಸಲು ಹೊರಗೆ ಕರೆದುಕೊಂಡು ಹೋದ. ಭಾನು ಮುಂದಿನ ಮದುವೆಯ ಹಾರ್ಡ್‌ಡಿಸ್ಕ್ ಚುಚ್ಚಿದಳು.