ಒಂದೂಕಾಲು ಷಡ್ಡಕ ತೂಗುವ ಶಟರ್

ಶಟರ್ ಮೆಕ್ಯಾನಿಕ್ ಅಮರೇಶಣ್ಣನ ಲೆಕ್ಕದಲ್ಲಿ ಕಿಲೋ ಎಂಬ ಅಳತೆಯೇ ಇರಲಿಲ್ಲ, ಷಡ್ಡಕ ಇದ್ದ. ಈ ಷಡ್ಡಕನೆಂದರೆ ಅವನ ಹೆಂಡತಿಯ ತಂಗಿಯ ಗಂಡ, ಲಿಂಗಸುಗೂರಿನಲ್ಲಿ ಮಿರ್ಚಿ ಬಜ್ಜಿ ಅಂಗಡಿ ಇಟ್ಟಿದ್ದ ದುಂಡನೆಯ ಮನುಷ್ಯ. ಮದುವೆಯ ಹೊಸತರಲ್ಲಿ ಪಂದ್ಯ ಕಟ್ಟಿ ಅಮರೇಶಣ್ಣ ಅವನನ್ನು ಹೆಗಲ ಮೇಲೆ ಹೊತ್ತು ಒಂದು ಹಳ್ಳ ದಾಟಿಸಿದ್ದನಂತೆ. ಆ ಭಾರ ಹೆಗಲಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಯಾವ ಶಟರ್ ಎತ್ತಿದರೂ ಕಣ್ಣು ಮುಚ್ಚಿ, ಒಂದು ಗಳಿಗೆ ತಡೆದು, “ಮುಕ್ಕಾಲು ಷಡ್ಡಕ” ಅನ್ನುತ್ತಿದ್ದ. ಷಡ್ಡಕನಿಗೆ ಸಕ್ಕರೆ ಕಾಯಿಲೆ ಬಂದು ಅರ್ಧ ಇಳಿದುಹೋದಾಗ ಮನೆಯವರೆಲ್ಲ ಗಾಬರಿಯಾದರೆ, ಅಮರೇಶಣ್ಣನದು ಬೇರೆಯದೇ ಸಂಕಟ. “ಇನ್ನ ಮ್ಯಾಲ ಹಳೇ ಷಡ್ಡಕ ಅಂತ ಬಿಡಿಸಿ ಹೇಳಬೇಕಾತಲ್ಲ!”

ಮಸ್ಕಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ದಿನಾ ಶಟರ್ ಎತ್ತಿ ಇಳಿಸಿ ನನ್ನ ಬಲ ಭುಜ ಹಿಡಿದುಕೊಂಡಾಗ, ಮೋಟರ್ ಕೂಡಿಸೋಣವೆಂದು ಅಮರೇಶಣ್ಣನನ್ನು ಕರೆಸಿದೆ. ಸಾಮಾನು ಹೇರುವ ತನ್ನ ಟಂಟಂ ಆಟೋದಲ್ಲಿ ಲಿಂಗಸುಗೂರಿನಿಂದ ಬಂದವನು ಮೋಟರ್ ಸುದ್ದಿಯನ್ನೇ ಎತ್ತಲಿಲ್ಲ. ಸ್ಟೂಲ್ ಎಳೆದುಕೊಂಡು ಡಾಕ್ಟರ್‌ನಂತೆ ಕೂತ.

“ತಂಗೆವ್ವ, ದಿನಕ್ಕ ಎಷ್ಟ ಸಲ ಎತ್ತತಿ?”

“ಮುಂಜಾನೆ ಒಮ್ಮೆ ಅಣ್ಣಾ. ಮಧ್ಯಾಹ್ನ ಊಟಕ್ಕ ಇಳಸ್ತೀನಿ, ಮತ್ತ ಎತ್ತತೀನಿ.”

“ಕರೆಂಟ್ ಹೋದಾಗ ಒಳಗ ಇರ್ತಿಯೋ ಹೊರಗೋ?”

“ಅದು ನನಗ ಕೇಳಿ ಹೋಗತೈತೇನು?”

ಅವನು ನಗಲಿಲ್ಲ. ಎದ್ದು ಶಟರ್ ಎತ್ತಿ ನೋಡಿದ, ಹಗುರಾಗಿಯೇ ಎದ್ದಿತು. ನಾನು ಸಣ್ಣ ಮೋಟರ್ ಸಾಕಲ್ಲವೇ ಅಂದೆ. ಅಮರೇಶಣ್ಣ ಮೇಲಿದ್ದ ಸ್ಪ್ರಿಂಗ್‌ಗೆ ಬೆರಳು ತೋರಿಸಿದ. “ಇದು ಐತಲ್ಲ, ಶುದ್ಧ ಸುಳ್ಳ. ಅರ್ಧ ಭಾರ ತಾನ ಹೊತ್ಕೊಂಡು ಶಟರ್ ಹಗುರ ಐತಿ ಅಂತ ಸಾಕ್ಷಿ ಹೇಳತೈತಿ. ಮೋಟರ್ ಕೂಡಿಸಿದ ಮ್ಯಾಲ ಇದನ್ನ ತಗದು ಒಗೀತೀವಿ. ಆಗ ಪೂರಾ ಭಾರ ಯಾರ ಮ್ಯಾಲ?” ಸ್ಪ್ರಿಂಗ್ ಬಿಚ್ಚಿ, ಪಕ್ಕದ ಅಂಗಡಿಯವರಿಂದಲೂ ಒಂದು ಕೈ ಹಚ್ಚಿಸಿ ಮತ್ತೆ ಎತ್ತಿದ. ಕಣ್ಣು ಮುಚ್ಚಿತು. “ಒಂದೂಕಾಲು ಷಡ್ಡಕ. ಹಳೇದು.”

ಆಮೇಲೆಯೇ ಮೋಟರ್ ಬಂದದ್ದು. ಶಟರ್ ಸುತ್ತಿಕೊಳ್ಳುವ ಪೈಪಿನೊಳಗೆ ಕೋಲಿನಂತೆ ತೂರಿ ಕೂರುವ ಉದ್ದನೆಯ ಮೋಟರ್ ಅದು. ಹೊರಗೆ ಏನೂ ಕಾಣದು. ಅಮರೇಶಣ್ಣ ಅದನ್ನು “ಹೊಟ್ಟ್ಯಾಗಿನ ಮೋಟರ್” ಅನ್ನುತ್ತಿದ್ದ. ಕರೆಂಟ್ ಇಲ್ಲದಾಗ ಕೈಯಿಂದ ತಿರುವಲು ಹೊರಗಿನ ಗೋಡೆಗೊಂದು ಸಣ್ಣ ತೂತು ಕೊರೆದು, ಹಿಡಿಕೆಯೊಂದನ್ನು ನನ್ನ ಕೈಗೆ ಕೊಟ್ಟ. ನನ್ನ ಭುಜ ಬದುಕಿತು.

ಆ ಸಂತೋಷದಲ್ಲಿ ನಾನೊಂದು ಉಪಕಾರಕ್ಕೆ ಕೈಹಾಕಿದೆ. ಲಿಂಗಸುಗೂರಿನಲ್ಲಿ ಸಿಮೆಂಟ್ ವ್ಯಾಪಾರ ಮಾಡುವ ನನ್ನ ಅಣ್ಣ, ಮಗನ ಮದುವೆಯೆಂದು ಹೊಸ ಕಾರು ಕೊಂಡು, ಕಾರಿಗೊಂದು ಶೆಡ್ ಕಟ್ಟಿಸಿದ್ದ. ಅಮರೇಶಣ್ಣನನ್ನು ಅಲ್ಲಿಗೆ ಕಳಿಸಿದೆ. ಮೋಟರ್ ಆರಿಸುವವರೆಗೆ ಎಲ್ಲ ಸರಿಯಿತ್ತು. ಹಿಡಿಕೆಯ ತೂತಿನ ಮಾತು ಬಂದಾಗ ಅಣ್ಣ ಅಡ್ಡ ನಿಂತ.

“ಹೊಸಾ ಗ್ವಾಡಿಗೆ ತೂತಾ? ಚಂದ ಕಾಣಂಗಿಲ್ಲ.”

“ಆತ್ರಿ ಸಾವಕಾರ್ರ. ಆದ್ರ ಮಂದಿಗೆ ತೋರಸಾಕಂತ ಸುಮ್ನ ಎತ್ತಿ ಇಳಿಸಿ ಮಾಡಬ್ಯಾಡ್ರಿ. ನಾಕ ನಿಮಿಷ ಬಿಡದ ಓಡಿದ್ರ ಕಾದು ತಾನ ಬಂದ್ ಆಗ್ತೈತಿ. ಇದು ಗಿರಣಿ ಮೋಟರ್ ಅಲ್ರಿ.”

ಮದುವೆಯ ದಿನ ದಿಬ್ಬಣ ಮುದಗಲ್‌ಗೆ ಹೊರಡಬೇಕಿತ್ತು. ಹೂವಿನಿಂದ ಸಿಂಗರಿಸಿದ ಕಾರಿನಲ್ಲಿ, ಶೆಡ್ಡಿನೊಳಗೆ, ನನ್ನ ಸೋದರಳಿಯ ಪ್ರವೀಣ ಹಣೆಗೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಅಣ್ಣ ಹೊರಗೆ ರಿಮೋಟ್ ಹಿಡಿದು ನಿಂತಿದ್ದ. ಸಿಂಧನೂರಿನ ನೆಂಟರು ಬಂದರು, ಶಟರ್ ಎದ್ದಿತು, ಇಳಿಯಿತು. ಅವರ ಹಿಂದೆ ಬಂದವರು ನಾವು ನೋಡಲೇ ಇಲ್ಲವಲ್ಲ ಅಂದರು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಕಾರಿನಲ್ಲಿದ್ದ ಪ್ರವೀಣ ಬಯಲಾಟದ ರಾಜನಂತೆ ಒಮ್ಮೆ ಕಾಣುತ್ತಿದ್ದ, ಒಮ್ಮೆ ಮರೆಯಾಗುತ್ತಿದ್ದ. ಏಳನೆಯದೋ ಎಂಟನೆಯದೋ ಸಲ ಶಟರ್ ಮೊಣಕಾಲಿನ ಎತ್ತರಕ್ಕೆ ಬಂದು ನಿಂತಿತು. ಗುಂಡಿ ಒತ್ತಿದರೂ ಇಲ್ಲ, ಗುದ್ದಿದರೂ ಇಲ್ಲ.

ಎಲ್ಲರೂ ನನ್ನ ಮುಖ ನೋಡಿದರು. “ನೀನ ಹೇಳಿದಾಕಿ ಅವನ ಹೆಸರ!” ಅಂದ ಅಣ್ಣ. ಮುಹೂರ್ತಕ್ಕೆ ಒಂದು ತಾಸು ಉಳಿದಿತ್ತು, ಮುದಗಲ್ ದಾರಿಗೇ ಮುಕ್ಕಾಲು ತಾಸು ಬೇಕು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಅಮರೇಶಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದಿಬ್ಬಣದ ಜೊತೆ ಮದುವೆ ಊಟಕ್ಕೆ ಹೋಗಲೆಂದು ಟಂಟಂನಲ್ಲಿ ಬಂದಿಳಿದ. ನಾಲ್ವರು ಹಿರಿಯರು ಶಟರಿಗೆ ಹೆಗಲು ಕೊಟ್ಟು ತಿಣುಕುತ್ತಿದ್ದರು. ನಮ್ಮ ಸೋದರತ್ತೆ ಕುರ್ಚಿ ಹತ್ತಿ ನಿಂತು ಮೊರದಿಂದ ಪೈಪಿಗೆ ಗಾಳಿ ಬೀಸುತ್ತಿದ್ದಳು.

“ಬಿಡ್ರಿ, ಬಿಡ್ರಿ. ಬ್ರೇಕ್ ಹಿಡದೈತಿ, ಹತ್ತು ಷಡ್ಡಕರು ಬಂದ್ರೂ ಏಳಂಗಿಲ್ಲ. ಮೋಟರ್ ಸತ್ತಿಲ್ರಿ, ಕಾದೈತಿ. ಆರಾಕ ಅರ್ಧ ತಾಸು ಬೇಕು.”

“ಮುಹೂರ್ತ?” ಅಂದ ಅಣ್ಣ ಅಳು ಬಂದವನಂತೆ.

ಅಮರೇಶಣ್ಣ ಮೊದಲು ಅಣ್ಣನ ಕೈಯಿಂದ ರಿಮೋಟ್ ಕಸಿದು ತನ್ನ ಜೇಬಿಗೆ ಇಳಿಸಿದ. ಆಮೇಲೆ ಜಮಖಾನೆ ಹಾಸಿಸಿ, ಬಗ್ಗಿ ಒಳಗೆ ಕೂಗಿದ: “ಏ ಮದುಮಗಾ, ಮಲಕ್ಕೊಂಡು ಬಾರೋ! ಬಾಸಿಂಗ ಆಮ್ಯಾಲ ಕಟ್ಟಾಕ ಬರತೈತಿ!” ಪ್ರವೀಣ ಹಲ್ಲಿಯಂತೆ ತೆವಳಿ ಹೊರಬಂದ. ಟಂಟಂನಲ್ಲಿ ಅಡ್ಡಬಿದ್ದಿದ್ದ ಶಟರ್ ಪೈಪಿನ ಮೇಲೆ ದಿಂಬು ಹಾಕಿ ಅವನನ್ನು ಕೂಡಿಸಲಾಯಿತು. ಪಕ್ಕದಲ್ಲಿ ನಾನು, ಎರಡೂ ಕೈಯಲ್ಲಿ ಬಾಸಿಂಗ ಹಿಡಿದು. ಎದುರಿಗೆ ಗ್ರೀಸ್ ಡಬ್ಬಿಯ ಮೇಲೆ ಅಣ್ಣ, ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು.

ಮುದಗಲ್‌ನಲ್ಲಿ ಬ್ಯಾಂಡಿನವರು ಹೂವಿನ ಕಾರಿಗಾಗಿ ಕಾಯುತ್ತಿದ್ದುದರಿಂದ ನಮ್ಮನ್ನು ಕಂಡು ಸುಮ್ಮನೆ ನಿಂತರು. ಅಮರೇಶಣ್ಣನೇ ಹಾರ್ನ್ ಬಾರಿಸಿ, “ಊದ್ರಲೇ, ಇವನ ಮದುಮಗ!” ಎಂದು ಗದರಿಸಬೇಕಾಯಿತು. ತಾಳಿ ಹೊತ್ತಿಗೆ ಸರಿಯಾಗಿಯೇ ಕೊರಳಿಗೆ ಬಿತ್ತು. ಆಲ್ಬಮ್ಮಿನ ಮೊದಲನೆಯ ಫೋಟೋದಲ್ಲಿ ಮದುಮಗ ನಗುತ್ತಿದ್ದಾನೆ. ತಲೆಯ ಮೇಲಿನ ಟಂಟಂ ಬೋರ್ಡಿನಲ್ಲಿ “ಎಲ್ಲಾ ತರದ ಶಟರ್ ರಿಪೇರಿ ಮಾಡಲಾಗುವುದು” ಎಂದಿದೆ. ಮರುವಾರ ಅಣ್ಣನೇ ಫೋನ್ ಮಾಡಿ ಹಿಡಿಕೆಗೆ ತೂತು ಕೊರೆಸಿದ. ಎರಡು ಕೊರೆ ಅಂದನಂತೆ.

ಅಮರೇಶಣ್ಣನನ್ನು ಕೊನೆಗೆ ಕಂಡದ್ದು ನನ್ನ ಅಂಗಡಿಯಲ್ಲೇ. ಮೊಣಕಾಲು ಏಣಿಗೆ ಒಗ್ಗದಾಗಿ, ಟಂಟಂ ಮಾರಿ, ಗಂಡ ಹೆಂಡತಿ ಸಿಂಧನೂರಿನಾಚೆ ದಢೇಸುಗೂರಿನ ಮಗಳ ಮನೆಗೆ ಹೊರಟಿದ್ದರು. ಬರಿಗೈಲಿ ಹೋಗುವುದು ಬೇಡವೆಂದು ಮಗಳಿಗೊಂದು ಸೀರೆ ಕೊಳ್ಳಲು ಮಸ್ಕಿಯಲ್ಲಿ ಇಳಿದಿದ್ದರು. ಹೆಂಡತಿ ಒಂದೊಂದೇ ಬಿಡಿಸಿ ತೋರಿಸಿದಾಗ ಅವನು ಎಲ್ಲದಕ್ಕೂ “ಚೊಲೊ ಐತಿ” ಅಂದ. ಹದಿನೇಳು ಸೀರೆಯಾದ ಮೇಲೆ ಆಕೆ ನನ್ನತ್ತ ತಿರುಗಿ, “ಮೋಟರ್ ತರಬೇಕಂದ್ರ ನೂರ ಪ್ರಶ್ನೆ ಕೇಳ್ತಾನ, ಇಲ್ಲಿ ನೋಡವ್ವ ಹೆಂಗ ಕುಂತಾನ” ಅಂದಳು. ಅಮರೇಶಣ್ಣ ನಾಚಿ ಫ್ಯಾನ್ ನೋಡಿದ. ಕೊನೆಗೆ ಹಸಿರಂಚಿನದೊಂದನ್ನು ಆಕೆಯೇ ಆರಿಸಿದಳು.

ಸಿಂಧನೂರು ಬಸ್ಸಿಗೆ ಹತ್ತಿಸಲು ನಾನೂ ಹೋದೆ. ಬಸ್ಸು ಹೊರಳುವಾಗ ಅವನಿಗೆ ಏನೋ ನೆನಪಾಯಿತು. ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಕೈ ಸುತ್ತಿಸಿ ಸುತ್ತಿಸಿ, ನನ್ನ ಶಟರಿನ ಬಗ್ಗೆಯೇ ಇರಬೇಕು, ಏನೋ ಕೂಗಿದ. ಕಂಡಕ್ಟರನ ಸೀಟಿ, ಇಂಜಿನ್ನಿನ ಸದ್ದು. “ತಂಗೆವ್ವ” ಅನ್ನುವುದೊಂದೇ ಕೇಳಿಸಿತು. ಆಯಿತೆಂದು ತಲೆಯಾಡಿಸಿಬಿಟ್ಟೆ. ಆಮೇಲೆ ಫೋನ್ ಮಾಡಿ ಕೇಳಿದರಾಯಿತು ಅಂದುಕೊಂಡಿದ್ದೆ. ಕೇಳುವ ಮೊದಲೇ, ಆ ಬೇಸಿಗೆಯಲ್ಲಿ, ಅವನು ತೀರಿಕೊಂಡ ಸುದ್ದಿ ಬಂತು.

ಈಗ ಶಟರ್ ಇಳಿಯುವಾಗ ಎಲ್ಲೋ ಸಣ್ಣಗೆ ಕಿರುಗುಟ್ಟುತ್ತದೆ. ಬೇರೆ ಮೆಕ್ಯಾನಿಕ್ ಬಂದು ನೋಡಿ ಏನೂ ತೊಂದರೆಯಿಲ್ಲ ಅಂದ. ಎಣ್ಣೆ ಬಿಡಲೇ ಎಂದು ಕೇಳಿದ. ನಾನು ಬೇಡ ಅಂದೆ. ಅಮರೇಶಣ್ಣ ಅಂದು ಹೇಳಿದ್ದು ಎಣ್ಣೆ ಬಿಡು ಅಂತಲೋ, ಬಿಡಬೇಡ ಅಂತಲೋ, ಯಾರಿಗೆ ಗೊತ್ತು?