ಓಬಮ್ಮನ ಸಾಕ್ಷಿ

"ದೇವರಿಗೆ ಏನಾದ್ರೂ ಹೇಳ್ಬೇಕಾ? ಮೊದ್ಲು ನನಗೆ ಹೇಳಿ. ಮಂಡಿಯೋರಿಲ್ದೆ ಕೊಬ್ಬರಿ ಮಾರಾಟ ಆಗ್ತದಾ? ಹಂಗೇ, ನಾನಿಲ್ದೆ ಪ್ರಾರ್ಥನೆ ಮೇಲಕ್ಕೆ ಹೋಗಲ್ಲ!"

ತಿಪಟೂರಿನ ಹೊನ್ನವಳ್ಳಿ ರಸ್ತೆಯ ಹೆಂಚಿನ ಪ್ರಾರ್ಥನಾ ಮಂದಿರದಲ್ಲಿ ಉಪದೇಶಿ ಸಮುವೇಲಪ್ಪನವರು ಇಪ್ಪತ್ತೆರಡು ವರ್ಷ ಈ ಮಾತು ಹೇಳಿದರು. ಕೇಳುವವರು ಏಳೇ ಮನೆಯವರು. ದನಿ ಮಾತ್ರ ಏಳು ತಾಲ್ಲೂಕಿನದು. ಅವರು ಒಮ್ಮೆ 'ಆಮೆನ್' ಎಂದರೆ ಪಕ್ಕದ ತೋಟದಲ್ಲಿ ಎಳನೀರೂ ಹೆದರಿ ಉದುರುತ್ತಿತ್ತು. ತೋಟದ ಶ್ರೀರಂಗಯ್ಯ ಕಾಯಿ ಕೆಡವಲು ಆಳು ಕರೆಸುವುದನ್ನೇ ಬಿಟ್ಟ, ಭಾನುವಾರ ಬುಟ್ಟಿ ಹಿಡಿದು ನಿಂತರೆ ಸಾಕಾಗುತ್ತಿತ್ತು.

ಹುಟ್ಟಿದಾಗ ಉಪದೇಶಿಗಳ ಹೆಸರು ದುರ್ಗಯ್ಯ. ಹಂದನಕೆರೆ ಕಡೆಯ ಕುರಿ ಕಾಯುವವರ ಮನೆ. ಮಿಷನ್ ಶಾಲೆ ಸೇರಿ, ದೀಕ್ಷಾಸ್ನಾನವಾಗಿ, ಸಮುವೇಲಪ್ಪ ಆದರು. ಸತ್ಯವೇದದ ಸಮುವೇಲನನ್ನು ದೇವರು ಹೆಸರು ಹಿಡಿದು ಕರೆದಿದ್ದ. ನಮ್ಮ ಸಮುವೇಲಪ್ಪನವರನ್ನು ಕರೆಯುತ್ತಿದ್ದವರು ಮದುವೆಯವರು, ಸಾವಿನವರು. ಇಷ್ಟು ವರ್ಷ ಕಿವಿ ನಿಮಿರಿಸಿ ಕಾದರೂ ಮೇಲಿನಿಂದ ಒಂದು ಕೆಮ್ಮೂ ಕೇಳಿಸಿರಲಿಲ್ಲ. ಈ ಸಂಗತಿ ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಓಬಮ್ಮ ಮೂಡಲಗಿರಿಯಪ್ಪನವರ ಕೊಬ್ಬರಿ ಶೆಡ್ಡಿನಲ್ಲಿ ಕರಟ ಒಡೆಯುವವಳು. ವರ್ಷವಿಡೀ ಅಟ್ಟದಲ್ಲಿದ್ದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಅವಳನ್ನು ಕಂಡರೆ ಕಾಯಿಗಳು ತಾವಾಗಿಯೇ ನಿಜ ಒಪ್ಪಿಕೊಳ್ಳುತ್ತಿದ್ದವು ಎನ್ನುವವರೂ ಇದ್ದಾರೆ. ಗಂಡ ಎಂದೋ ತೀರಿಹೋಗಿದ್ದ. ಎರಡು ವರ್ಷದ ಮಗಳು ದಡಾರದಲ್ಲಿ ಹೋದ ಮೇಲೆ ಮಂದಿರಕ್ಕೆ ಬರತೊಡಗಿದಳು. ಆರಾಧನೆಯ ಕೊನೆಗೆ ಹಂಚುವ ಕರ್ತನ ಭೋಜನದ ರೊಟ್ಟಿಯ ತುಂಡನ್ನು ಎಲ್ಲರ ಜೊತೆ ತಾನೂ ತೆಗೆದುಕೊಳ್ಳಬೇಕು, ಅದೊಂದೇ ಆಸೆ. ಅದಕ್ಕೆ ಉಪದೇಶಿಗಳ ಒಪ್ಪಿಗೆ ಬೇಕು. ಉಪದೇಶಿಗಳಿಗೆ ಹತ್ತು ಆಜ್ಞೆ ಬಾಯಿಪಾಠ ಬೇಕು. ಓಬಮ್ಮ ಮೂರು ವರ್ಷದಿಂದ ಎಂಟನೆಯದರಲ್ಲಿ, 'ಕದಿಯಬಾರದು' ಎಂಬಲ್ಲಿಗೆ ಬಂದು ಮುಗ್ಗರಿಸುತ್ತಿದ್ದಳು.

ಒಂದು ಮಂಗಳವಾರ ಅವಳು ಅಂದಳು: "ಒಂದು ಮಾತು ಉಪದೇಶಿಗಳೇ. ಕೂಸು ಹೋಗಿ ಹದಿನೈದು ದಿನ ಆಗಿತ್ತು. ಶೆಡ್ಡಲ್ಲಿ ಒಬ್ಳೇ ಕರಟ ಒಡೀತಿದ್ದೆ. ಸಿಟ್ಟು ಬಂತು. 'ನೀನಿದ್ರೆ ಬಾ, ಇಲ್ದಿದ್ರೆ ಸುಮ್ಕಿರು' ಅಂದೆ. ಬಂದ. ಪಕ್ಕದಲ್ಲಿದ್ದ ಗೋಣಿಚೀಲದ ಮೇಲೆ ಕೂತ್ಕಂಡ."

"ಯಾರು?"

"ಅವ್ನೇ. ಕಣ್ಣಿಗೆ ಕಾಣ್ಲಿಲ್ಲ. ಪಕ್ಕದಲ್ಲಿ ಯಾರಾದ್ರೂ ಕೂತ್ರೆ ಗೊತ್ತಾಗಲ್ವಾ? ಹೊತ್ತು ಮುಳುಗೋಗಂಟ ಇದ್ದ. ಎದೆ ಹಗುರಾಯ್ತು."

"ಏನು ಹೇಳ್ದ?"

"ಏನೂ ಇಲ್ಲ. ಕೂತಿದ್ದ, ಅಷ್ಟೇಯ."

ಸಮುವೇಲಪ್ಪನವರ ಹೊಟ್ಟೆಯಲ್ಲಿ ಹತ್ತಿದ ಉರಿಗೆ ಮೂರು ಅಟ್ಟದ ಕಾಯಿ ಒಣಗಿಸಬಹುದಿತ್ತು. ಇಪ್ಪತ್ತೆರಡು ವರ್ಷ ಕಾದವನ ಮನೆಗೆ ಬಾರದವನು ಇವಳ ಗೋಣಿಚೀಲಕ್ಕೆ ಬಂದನೇ?

"ಅದು ಹಸಿದ ಹೊಟ್ಟೆಯ ಭ್ರಮೆ ಕಣಮ್ಮ. ನಾನು ಒಪ್ಪೋ ತನಕ ಅದು ಅನುಭವ ಅನ್ನಿಸಿಕೊಳ್ಳಲ್ಲ. ಮೊದ್ಲು ಎಂಟನೇ ಆಜ್ಞೆ ಕಲಿ, ಹೋಗು."

ಎಪ್ಪತ್ತೆಂಟನೇ ಇಸವಿಯ ಈಸ್ಟರ್ ಮುಗಿದ ಮರು ಭಾನುವಾರ ತುಮಕೂರಿನಿಂದ ಹೊಸ ಪಾದ್ರಿ ಅಯ್ಯನವರು ಬಂದರು. ಓಬಮ್ಮನನ್ನು ಭೋಜನಕ್ಕೆ ಸೇರಿಸಿಕೊಳ್ಳುವ ಮಾತೆದ್ದಿತು. ಅಯ್ಯನವರು, "ಬಾಯಿಪಾಠ ಬೇಡ. ಕರ್ತನು ತನಗೆ ಏನು ಮಾಡಿದನೆಂದು ಆಕೆಯೇ ಹೇಳಲಿ. ಹೇಗೆ ಹೇಳಬೇಕೆಂದು ಮೊದಲು ಉಪದೇಶಿಗಳು ತೋರಿಸಿಕೊಡಲಿ" ಎಂದರು.

ಸಮುವೇಲಪ್ಪನವರು ಎದ್ದು ಸತ್ಯವೇದದ ಒಂದು ಕೀರ್ತನೆ ಶುರುಮಾಡಿದರು.

"ಅದು ದಾವೀದನ ಅನುಭವ. ನಿಮ್ಮದು ಹೇಳಿ."

ಸಮುವೇಲಪ್ಪನವರು ತಮ್ಮೊಳಗೆ ತಡಕಿದರು. ಇಪ್ಪತ್ತೆರಡು ವರ್ಷ ಹೊಗೆ ಹಾಕಿದ ಅಟ್ಟದಲ್ಲಿ ಒಂದು ಕಾಯಿಯೂ ಇರಲಿಲ್ಲ. ಆದರೆ ಅವರ ಬಾಯಿಗೆ ಖಾಲಿ ಇದ್ದು ಅಭ್ಯಾಸವಿಲ್ಲ. "ಒಂದು ದಿನ ಒಬ್ಬನೇ ದುಃಖದಲ್ಲಿದ್ದೆ. 'ನೀನಿದ್ದರೆ ಬಾ' ಎಂದೆ..." ಎಂದು ಅದು ತಾನಾಗಿಯೇ ಹೊರಟಿತು. ಸುಮ್ಮನೆ ಬಂದು ಕೂತರೆ ಉಪದೇಶಿಗಳ ದೇವರಿಗೆ ಶೋಭೆಯೇ? ಆಕಾಶ ಸೀಳಿತು, ದೂತರು ಕಹಳೆ ಊದಿದರು, ತಿಪಟೂರಿನ ದೀಪಗಳೆಲ್ಲ ನಾಚುವಂಥ ಬೆಳಕು ಬಂತು, 'ಸಮುವೇಲನೇ' ಎಂಬ ಕರೆ ಮೂರು ಸಲ ಮೊಳಗಿತು. ಹೆಂಗಸರು ಕಣ್ಣೊರೆಸಿಕೊಂಡರು. ಅಯ್ಯನವರು ಕನ್ನಡಕ ತೆಗೆದರು. "ಕರ್ತನು ಬಂದು ನನ್ನ ಪಕ್ಕದ ಗೋಣಿಚೀಲದ ಮೇಲೆ..."

ಆ ಚೀಲ ಅವರಿಗೂ ತಿಳಿಯದೆ ಬಾಯಿಂದ ಬಿದ್ದಿತ್ತು.

ಚಾಪೆಯ ಮೇಲಿದ್ದ ಓಬಮ್ಮ ತಲೆ ಎತ್ತಿದಳು. ಸಿಟ್ಟಿನಿಂದಲ್ಲ. ಕಾಯನ್ನು ಕಿವಿಗೆ ಹಿಡಿದು ಒಳಗಿನ ಸದ್ದು ಕೇಳುವಾಗ ಹೇಗೆ ನೋಡುತ್ತಿದ್ದಳೋ ಹಾಗೆ. ಸಮುವೇಲಪ್ಪನವರ ಮಾತು ಅಲ್ಲಿಗೇ ನಿಂತಿತು.

"ಈಗ ನೀನು ಹೇಳಮ್ಮ" ಎಂದರು ಅಯ್ಯನವರು.

ಓಬಮ್ಮ ಎದ್ದಳು. ಅವಳಲ್ಲಿ ಇದ್ದದ್ದು ಅದೊಂದೇ ಮಾತು; ಅದನ್ನು ಈಗಾಗಲೇ ಬೇರೆಯವರು ಹೇಳಿ ಮುಗಿಸಿದ್ದರು. "ನಂಗೆ ಹೇಳಾಕೆ ಏನೂ ಇಲ್ಲ ಅಯ್ನೋರೇ" ಎಂದು ಕೂತುಬಿಟ್ಟಳು.

"ಹಾಗಾದರೆ ಬರುವ ವರ್ಷ ನೋಡೋಣ."

ರೊಟ್ಟಿಯ ತಟ್ಟೆ ಹೊರಟಿತು. ಕರಟದ ಕರೆ ಹೋಗಲೆಂದು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದುಕೊಂಡು ಬಂದಿದ್ದ ಎರಡು ಕೈಗಳನ್ನೂ ಓಬಮ್ಮ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಸಮುವೇಲಪ್ಪನವರು ಅದನ್ನು ನೋಡಿದರು. ನೋಡಬಾರದಿತ್ತು. ತಟ್ಟೆ ತಮ್ಮ ಮುಂದೆ ಬಂದಾಗ ಅದನ್ನು ಮುಟ್ಟಲು ಕೈ ಬರಲಿಲ್ಲ.

"ಅಯ್ಯನವರೇ, ನಾನು ಹೇಳಿದ್ದು ನನ್ನದಲ್ಲ. ಓಬಮ್ಮನದು. ಅವಳಿಗೆ ಎಂಟನೇ ಆಜ್ಞೆ ಕಲಿಸ್ತಾ ಇದ್ದವನೇ ಕದ್ದೆ. ನನ್ನ ಹತ್ರ ಯಾವತ್ತೂ ಯಾರೂ ಬಂದಿಲ್ಲ."

ಆ ದನಿ ಹತ್ತು ಅಡಿ ಆಚೆಯ ಗೋಡೆಗೂ ಮುಟ್ಟಲಿಲ್ಲ. ಹೊರಗೆ ಬುಟ್ಟಿ ಹಿಡಿದು ನಿಂತಿದ್ದ ಶ್ರೀರಂಗಯ್ಯ ಅಂದು ಬರಿಗೈಯಲ್ಲಿ ಮನೆಗೆ ಹೋದ.

"ಓಬಮ್ಮ, ಇದು ನಿಜವೇ?"

"ಅಷ್ಟೊಂದು ಕಹಳೆ ಊದಿಸ್ಕಂಡು ಬಂದೋನು ನನ್ನೋನಲ್ಲ ಬುಡಿ ಅಯ್ನೋರೇ. ನನ್ನ ಪಕ್ಕ ಗೋಣಿಚೀಲದ ಮೇಲೆ ಕೂತೋನು ತುಟಿ ಎರಡು ಮಾಡ್ಲಿಲ್ಲ."

ಅಯ್ಯನವರು ತಾವೇ ತಟ್ಟೆ ಹಿಡಿದು ಬಂದು ಅವಳ ಮುಂದೆ ನಿಂತರು. ಹುಣಸೆಹಣ್ಣಿನಲ್ಲಿ ತಿಕ್ಕಿದ ಕೈ ಸೆರಗಿನಿಂದ ಹೊರಬಂತು.

ಸಮುವೇಲಪ್ಪನವರು ಇನ್ನೂ ನಿಂತೇ ಇದ್ದರು. ಅಯ್ಯನವರ ಪಕ್ಕದ ಕುರ್ಚಿಗೆ ಮರಳಲು ಮುಖವಿರಲಿಲ್ಲ. ಹೊರಗೆ ಹೋಗಲು ಮನಸ್ಸಿರಲಿಲ್ಲ. ಓಬಮ್ಮ ಚಾಪೆಯ ಮೇಲೆ ಒಂದು ಮೊಳ ಸರಿದು ಜಾಗ ಮಾಡಿದಳು.

"ಇಲ್ಲಿ ಒಸಿ ಹೊತ್ತು ಸುಮ್ಕೆ ಕೂತ್ಕಳಿ ಉಪದೇಶಿಗಳೇ. ನೀವು ಮಾತು ನಿಲ್ಸಿದ್ರೆ ತಾನೆ ಅವ್ನು ಒಳಕ್ಕೆ ಬರಾದು!"