ಅಮ್ಮನ ಗಾಡಿಯ ಮೊದಲ ಗಿರಾಕಿ

ಕಳೆದ ವಾರ ಅಮ್ಮನಿಗೆ ಒಂದು ಡಬ್ಬಿ ತಂದೆ. ಇಂದಿರಾನಗರದ ಹೆಲ್ತ್ ಶಾಪಿನದು. ಮೇಲೆ ದಪ್ಪ ಅಕ್ಷರದಲ್ಲಿ 'ಆ್ಯಂಟಿಆಕ್ಸಿಡೆಂಟ್ ಪೌಡರ್'. ಅಮ್ಮನಿಗೆ ರಕ್ತ ಕಡಿಮೆ, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಸೊಪ್ಪು ಚೆನ್ನಾಗಿ ತಿನ್ನಿ ಎಂದಿದ್ದರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬರೀ ಸೊಪ್ಪಿಗೆ ನಿಲ್ಲುತ್ತೇನೆಯೇ?

ಊಟಕ್ಕೆ ಕುಳಿತಿದ್ದ ಅಮ್ಮ, "ಏನಿದೆ ಅದ್ರಲ್ಲಿ? ಓದು" ಎಂದಳು.

ಓದಿದೆ. ನುಗ್ಗೆಸೊಪ್ಪು, ಪಾಲಕ್, ನೆಲ್ಲಿಕಾಯಿ, ಅರಿಶಿನ.

"ಲೇ, ನನ್ ಗಾಡೀನೇ ಒಣಗ್ಸಿ ಡಬ್ಬಿಗೆ ತುಂಬವ್ರಲ್ಲೇ! ಇದಕ್ಕಾ ನಿನ್ನ ಓದ್ಸಿದ್ದು?"

(ಅಮ್ಮ ಜೋಗುಪಾಳ್ಯದಲ್ಲಿ ತಳ್ಳುಗಾಡಿಯ ಮೇಲೆ ಸೊಪ್ಪು ಮಾರುತ್ತಾಳೆ. ನನ್ನ ಬಿಎಸ್ಸಿ ಆ ಗಾಡಿಯ ದುಡಿಮೆ.)

ನಾನೂ ನಕ್ಕೆ. ಆಮೇಲೆ ಅವಳ ತಟ್ಟೆ ನೋಡಿದೆ. ಅನ್ನ, ತಿಳಿಸಾರು, ಉಪ್ಪಿನಕಾಯಿ.

"ಸೊಪ್ಪೆಲ್ಲಮ್ಮ?"

"ಅದು ಮಾರೋ ಮಾಲು ಕಣೇ. ಬೋಣಿಗೆ ಮುಂಚೆ ಒಂದೆಲೆ ಮುಟ್ಟಿದ್ರೂ ದಿನ ಕೆಡುತ್ತೆ. ಸಂಜೆ ಉಳಿದದ್ದು ಬಾಡೋಗಿರುತ್ತೆ, ಹಸುಗೆ ಹಾಕ್ತೀನಿ."

ಬೀದಿಗೆಲ್ಲ ರಕ್ತ ತುಂಬುವ ಸೊಪ್ಪು ಮಾರುವವಳಿಗೇ ರಕ್ತ ಕಡಿಮೆ!

ಆ್ಯಂಟಿಆಕ್ಸಿಡೆಂಟ್ ಎಂದರೆ ಮಂತ್ರವಲ್ಲ. ನಮ್ಮ ಜೀವಕೋಶಗಳು ದಿನವೂ ಸವೆಯುತ್ತವೆ. ಆ ಸವೆತಕ್ಕೆ ಅಡ್ಡ ನಿಲ್ಲುವ ಕಾವಲು ಅದು. ಕೆಂಪು ದಂಟಿನ ಬಣ್ಣದಲ್ಲಿದೆ, ಟೊಮೇಟೊದಲ್ಲಿದೆ, ನೆಲ್ಲಿಕಾಯಿಯಲ್ಲಿದೆ, ನಾವು ಮುದ್ದೆ ಮಾಡುವ ರಾಗಿಯಲ್ಲೂ ಇದೆ. ಸೊಪ್ಪಿಗೆ ನಿಂಬೆ ಹಿಂಡಿದರೆ ಅದರ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. (ಹಾಗಂತ ಡಾಕ್ಟರ ಮಾತ್ರೆ ಬಿಡುವಂತಿಲ್ಲ.) ಇಷ್ಟು ಓದಿಕೊಂಡ ನಾನು ಅಮ್ಮನ ತಟ್ಟೆಯನ್ನು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿಗೆ ಅಡ್ಡ ನಿಂತು ನೋಟು ಚಾಚಿದೆ. "ಎರಡು ಕಟ್ಟು ದಂಟು ಕೊಡಿ. ಬೋಣಿ ನಂದೇ."

"ಮನೆಯೋರು ಕೊಟ್ರೆ ಅದು ಬೋಣಿನಾ? ದಾರಿ ಬಿಡೇ."

"ನಾನು ಗಿರಾಕಿ. ಕೊಡ್ತೀರಾ, ಪಕ್ಕದ ಗಾಡಿಗೆ ಹೋಗ್ಲಾ?"

ಗಿರಾಕಿ ಪಕ್ಕದ ಗಾಡಿಗೆ ಹೋಗುವುದನ್ನು ಯಾವ ವ್ಯಾಪಾರಿ ಸಹಿಸುತ್ತಾಳೆ? ಅಮ್ಮ ನೋಟು ಕಸಿದು ಕಣ್ಣಿಗೊತ್ತಿಕೊಂಡಳು. ಒಳ್ಳೆಯ ಕಟ್ಟುಗಳನ್ನೇ ಆರಿಸಿ ಕೊಟ್ಟಳು.

ಪಲ್ಯ ನಾನೇ ಮಾಡಿದೆ. ನಿಂಬೆ ಹಿಂಡಿದೆ. ಎದುರಿಗೆ ಕುಳಿತೆ. "ಮೇಷ್ಟ್ರಂಗೆ ಕಾಯ್ತೀಯಲ್ಲೇ" ಎಂದು ಬೈದುಕೊಂಡೇ ತಿಂದಳು. ಇಂದಿಗೆ ಆರು ದಿನ. ತಪ್ಪಿಲ್ಲ, ತಪ್ಪಿಸುವುದೂ ಇಲ್ಲ.

ನಿಮ್ಮ ಬೀದಿಗೆ ಸೊಪ್ಪು ತರುವ ಹೆಂಗಸು ಮಧ್ಯಾಹ್ನ ಏನು ತಿಂದಳು, ಎಂದಾದರೂ ಕೇಳಿದ್ದೀರಾ?